ಅಪ್‌ಡೇಟ್: ತಮ್ಮನ ಹೆಬ್ಬೆರಳಿನ ಪರಿಹಾರದ ವಿಚಾರ

2024ರಲ್ಲಿ ಸಾಮಿಲ್ಲಿನ ಗರಗಸಕ್ಕೆ ಸಿಕ್ಕಿ ಇಡೀ ಹೆಬ್ಬೆರಳು ಕಳೆದುಕೊಂಡ ನನ್ನ ತಮ್ಮನಿಗೆ ಮಾಲೀಕರು ಐವತ್ತು ಸಾವಿರ ಕೊಟ್ಟು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಹೊರಟಾಗ, ನೇಮಕಾತಿ ಪತ್ರವಿಲ್ಲದೆ ಏನು ಮಾಡಬಹುದೆಂದು ಕೇಳಿದ್ದೆ. ಪೊಲೀಸ್ ದೂರಿನ ಸಲಹೆ ಫಲಿಸಲಿಲ್ಲ. ಠಾಣೆಯಲ್ಲೂ ರಾಜಿಯ ಮಾತೇ ಬಂತು. ಹಾಜರಿ ಪುಸ್ತಕದ ಫೋಟೊ ಮತ್ತು ಗಾಯದ ಪ್ರಮಾಣಪತ್ರ ಲಗತ್ತಿಸಿ, ಅಪಘಾತದ ವೇಳೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಡಿ ವಕೀಲರಿಂದ ನೋಟಿಸ್ ಕಳಿಸಿ ಎಂದವರ ಮಾತೇ ಕೆಲಸಕ್ಕೆ ಬಂತು. ಹೆಬ್ಬೆರಳಿಗೆ ಗಳಿಕೆ ಸಾಮರ್ಥ್ಯದ ನಷ್ಟ ಶೇ 30 ಎಂದು ಆ ಕಾಯ್ದೆಯ ಅನುಸೂಚಿಯಲ್ಲೇ ಇತ್ತು; ಆದರೆ ಸಂಬಳ ಹದಿನೆಂಟು ಸಾವಿರವಿದ್ದರೂ ಲೆಕ್ಕಕ್ಕೆ ಹಿಡಿದದ್ದು 15,000 ಮಾತ್ರ, ಅದೊಂದು ಬೇಸರ. ನೌಕರರ ಪರಿಹಾರ ಆಯುಕ್ತರಲ್ಲಿ ನೋಂದಣಿಯಾಗದ ರಾಜಿಪತ್ರದಿಂದ ಮಾಲೀಕರ ಹೊಣೆ ತಪ್ಪುವುದಿಲ್ಲವೆಂಬುದು ನನಗೆ ಹೊಸ ವಿಷಯ. ನೋಟಿಸಿನಲ್ಲಿ ಶೇ 12ರ ಬಡ್ಡಿಯ ಸಾಲು ಕಂಡ ಮೇಲೆ ಮಾಲೀಕರೇ ಒಪ್ಪಿ, ಕಳೆದ ಸೋಮವಾರ ಪೂರ್ತಿ ಮೊತ್ತ ಠೇವಣಿ ಇಟ್ಟರು.