ಧಾರವಾಡದ ನಿವೃತ್ತರ ಕಾಲೊನಿಯಾಗಿನ ಹಳೆ ಮನಿಗೆ ಬೆಲೆ ಕಟ್ಟೋದು ಹೆಂಗ?

ಕೆಂಪುಹಂಚು:
ನಮಸ್ಕಾರ ರೀ. ಸಪ್ತಾಪುರದ ಕಡೆ, ರಿಟೈರ್ ಆದವರೇ ಹೆಚ್ಚಿರೋ ಸೊಸೈಟಿ ಕಾಲೊನಿ. 40×60ರ ಪ್ಲಾಟು, 1,300 ಚದರಡಿ ಮನಿ, ಕಟ್ಟಿ 36 ವರ್ಷ. ಇಟ್ಟಂಗಿ ಗ್ವಾಡಿ, ಮ್ಯಾಲ ಸ್ಲ್ಯಾಬು, ಮುಂದಿನ ಪಡಸಾಲಿಗೆ ಅಷ್ಟ ಮಂಗಳೂರು ಹಂಚು. ಉತಾರ (ಆಸ್ತಿಯ ದಾಖಲೆ) ಇನ್ನೂ ತೀರಿಹೋದ ತಂದಿಯವರ ಹೆಸರಿಲೆ ಐತಿ. ತಾಯಿ ಅದಾರ, ಮೂರು ಮಂದಿ ಮಕ್ಕಳು, ಒಬ್ಬರು ಅಮೆರಿಕಾದಾಗ. ಒಬ್ಬ ಏಜೆಂಟ 70 ಲಕ್ಷ ಅಂತಾನ, ಇನ್ನೊಬ್ಬ 1 ಕೋಟಿ 10 ಲಕ್ಷ ಅಂತಾನ. ಮಾರೋದೋ, ವಾಟ್ನಿ (ಪಾಲು) ಮಾಡ್ಕೊಳ್ಳೋದೋ ಇನ್ನೂ ಠರಾವ್ ಆಗಿಲ್ಲ. ಖರೇ ಬೆಲೆ ಎಷ್ಟಂತ ತಿಳಕೊಳ್ಳೋದು ಹೆಂಗ?

ಗುಂಟೆಲೆಕ್ಕ:
ಜಾಗ ಬೇರೆ, ಕಟ್ಟಡ ಬೇರೆ ಮಾಡಿ ಲೆಕ್ಕ ಹಾಕಿ. ಏರಿರೋದು ಜಾಗದ ಬೆಲೆ. ಕಟ್ಟಡದ್ದು ವರ್ಷಾ ಇಳೀತದ. ಎರಡನ್ನೂ ಕಲಸಿ ಒಂದೇ ಅಂಕಿ ಹೇಳಿದಾಗಲೇ 70 ಲಕ್ಷಕ್ಕೂ 1 ಕೋಟಿ 10 ಲಕ್ಷಕ್ಕೂ ನಡುವೆ ಇಷ್ಟು ಅಂತರ ಬೀಳೋದು.

ನಿಮ್ಮ ಪ್ಲಾಟು 2,400 ಚದರಡಿ. ಗುಂಟೆಗೆ 1,089 ಚದರಡಿ, ಅಂದ್ರೆ 2.2 ಗುಂಟೆ. ಇಲ್ಲಿ ಮಾತು ಗುಂಟೆಯಲ್ಲಿ, ಬರಹ ಚದರಡಿಯಲ್ಲಿ. ಗುಂಟೆಗೆ ಸಾವಿರ ಅಂತ ಹಿಡಿದ್ರೆ ಸುಮಾರು 200 ಚದರಡಿ ಗಾಳಿಗೆ ಹೋಯ್ತು. ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡ್ ತೆಗೆಸಿ, ಟೇಪ್ ಹಿಡಿದು ಅಳತೆ ತಾಳೆ ನೋಡಿ.

ದರ ಸಿಗೋದು ಖರೀದಿ ಪತ್ರಗಳಲ್ಲಿ. ಜಾಹೀರಾತಿನ ಬೆಲೆ ಕೇಳೋ ಬೆಲೆ ಅಷ್ಟೇ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಿಮ್ಮದೇ ಲೇಔಟಿನ ಇತ್ತೀಚೆಗೆ ಮಾರಾಟವಾದ ನಾಲ್ಕೈದು ಪ್ಲಾಟಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಇಸಿಯ ನಮೂನೆ 15ರಲ್ಲಿ ಮಾರಾಟದ ಮೊತ್ತ ಇರ್ತದ. ಮೊತ್ತ ಸರಿಯಾಗಿ ಮಾರ್ಗಸೂಚಿ ದರಕ್ಕೇ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ) ಕೂತಿದ್ರೆ ಅನುಮಾನ ಪಡಿ, ಉಳಿದದ್ದು ಕೈಯಿಂದ ಕೈಗೆ ಹೋಗಿರಬಹುದು. ಅದೇ ಇಸಿಯಲ್ಲಿ ಖರೀದಿಯ ಬೆನ್ನಿಗೇ ಬ್ಯಾಂಕಿನ ಅಡಮಾನ ನೋಂದಣಿ ಆಗಿದ್ರೆ ಆ ಬೆಲೆ ಹೆಚ್ಚು ನಂಬಬಹುದು. ದೊಡ್ಡ ಸಾಲ ಬೇಕಾದವರು ಕಾಗದದಲ್ಲಿ ಕಡಿಮೆ ಬರೆಸೋದಿಲ್ಲ. ಬ್ಯಾಂಕ್ ಹರಾಜಿನ ಮೀಸಲು ಬೆಲೆ ಕೆಳಗಿನ ಗಡಿ ಅಂತ ಇಟ್ಟುಕೊಳ್ಳಿ.

ಕಟ್ಟಡಕ್ಕೆ ಸರಳ ಸೂತ್ರ: ಆಯುಷ್ಯ 60 ವರ್ಷ, ಕೊನೆಗೆ ಉಳಿಯೋದು 10%. ಸವಕಳಿ = 36 × 90 ÷ 60 = 54%. ಇವತ್ತು ಹೊಸದಾಗಿ ಕಟ್ಟಲು ಚದರಡಿಗೆ 2,000 ರೂಪಾಯಿ ಅಂತ ಹಿಡಿದ್ರೆ (ಬರೀ ಲೆಕ್ಕಕ್ಕೆ) 26 ಲಕ್ಷ, ಅದರ 46% ಅಂದ್ರೆ 11.96 ಲಕ್ಷ. ಜಾಗ 3,200ರ ದರಕ್ಕೆ (ಇದೂ ಲೆಕ್ಕಕ್ಕೇ) 76.8 ಲಕ್ಷ. ಒಟ್ಟು 88.76 ಲಕ್ಷ. ಮೂಲೆ ಪ್ಲಾಟು, ರಸ್ತೆಯ ಅಗಲ, ಮುಖದ ದಿಕ್ಕು ಇವೆಲ್ಲ ಜಾಗದ ದರದಲ್ಲೇ ಸರಿಮಾಡಬೇಕು, ಕಟ್ಟಡದ ಮ್ಯಾಲ ಹಾಕಬ್ಯಾಡ್ರಿ.

ಎರಿಮಣ್ಣು:
ಮೇಲಿನ ಸೂತ್ರ ಬ್ಯಾಂಕಿಗೆ ಸಾಕು. ಮಾರುಕಟ್ಟೆಯಲ್ಲಿ ಎರಡು ಥರದ ಗಿರಾಕಿ ಇದಾರೆ. ಕೆಡವಿ ಕಟ್ಟುವವನಿಗೆ ನಿಮ್ಮ 11.96 ಲಕ್ಷ ಕಾಣೋದಿಲ್ಲ, ಕೆಡವೋ ಖರ್ಚನ್ನೂ ಕಳೀತಾನೆ. (ಸಾಗವಾನಿ ಬಾಗಿಲು, ಶಹಾಬಾದ್ ಫರಸಿ, ಹಂಚು ಅವನಿಗೆ ಪುಕ್ಕಟೆ ಕೊಡಬೇಡಿ, ಕರಾರಿನಲ್ಲಿ ಬರೆಸಿ.) ವಾಸಕ್ಕೆ ಬರುವ ಇನ್ನೊಬ್ಬ ನಿವೃತ್ತ ದಂಪತಿ ಕಟ್ಟಡಕ್ಕೂ ಕೊಡ್ತಾರೆ, ಆದರೆ ಅವರ ಕಣ್ಣು ಬೇರೆ: ಮಲಗೋ ಕೋಣೆ, ಬಚ್ಚಲು ನೆಲಮಹಡಿಯಲ್ಲೇ ಇದೆಯೇ, ಮೆಟ್ಟಿಲು ಎಷ್ಟು, ನಳದ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ಲೀಟರು, ಒಳಚರಂಡಿ ಸೇರಿದೆಯೋ ಸೆಪ್ಟಿಕ್ ಟ್ಯಾಂಕೋ.

ಬಿರುಕು ಬಣ್ಣದಲ್ಲಿ ಮುಚ್ಚಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲ ಹಾಗೆ ಹೋಗುವ ಬಿರುಕು ಪಾಯ ಅಲುಗಿದ ಗುರುತು. ಎರಿ ಮಣ್ಣು (ಕಪ್ಪು ಮಣ್ಣು) ಮಳೆಗೆ ಉಬ್ಬಿ ಬ್ಯಾಸಿಗಿಗೆ ಕುಗ್ಗುತ್ತೆ, ಗೋಡೆ ಅದರ ಜೊತೆ ಕುಣಿಯುತ್ತೆ. ಧಾರವಾಡದ ಕೆಂಪು ಮಣ್ಣಿನ ಕಡೆ ಈ ಕಾಟ ಕಡಿಮೆ, ಹುಬ್ಬಳ್ಳಿ ದಾಟಿ ಪೂರ್ವಕ್ಕೆ ಹೋದಂತೆ ಜಾಸ್ತಿ. ಸ್ಲ್ಯಾಬಿನ ತಳದಲ್ಲಿ ಗಿಲಾವು ಕಳಚಿ ಕಂಬಿಯ ತುಕ್ಕು ಕಂಡರೆ ಸೂತ್ರದ 46% ಮರೆತುಬಿಡಿ. ಧಾರವಾಡದ ಮಳೆಗೆ ಸೋರಿಕೆ ನಿಲ್ಲಿಸೋ ಕೆಲಸ ಮಾತ್ರ ಮಾರೋ ಮೊದಲು ಮಾಡಿಸಿ. ಹೊಸ ಟೈಲ್ಸ್, ಮಾಡ್ಯುಲರ್ ಅಡುಗೆಮನೆಗೆ ಹಾಕಿದ ದುಡ್ಡು ವಾಪಸ್ ಬರೋದು ಕಷ್ಟ.

ಮುದ್ರಾಂಕ:
ಕಾಗದದ ಮಾತು ಯಾರೂ ಎತ್ತಲಿಲ್ಲ, ನನ್ನ ಪ್ರಕಾರ ಬೆಲೆ ಬೀಳಿಸೋದು ಅದೇ. ಉತಾರ ತೀರಿಹೋದವರ ಹೆಸರಲ್ಲಿದ್ರೆ ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ನಿಮ್ಮ ಹೆಸರಿಗೆ ಬರೋದಿಲ್ಲ, ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಮೊದಲು ವಾರ್ಸಾ ಮಾಡಿಸಿ, ಅಂದ್ರೆ ವಾರಸುದಾರರ ಹೆಸರು ದಾಖಲೆಗೆ ಏರಿಸಿ. ಸೊಸೈಟಿಯ ನಾಮಿನಿ ಮಾಲೀಕ ಅಲ್ಲ. ಆಸ್ತಿ ತಂದೆಯ ಸ್ವಂತ ಗಳಿಕೆ, ವಿಲ್ ಇಲ್ಲ, ಅವರ ತಾಯಿಯೂ ಇಲ್ಲ ಅಂದ್ರೆ ಹಿಂದೂ ವಾರಸಾ ಕಾಯ್ದೆಯಂತೆ ನಿಮ್ಮ ತಾಯಿ, ಮೂರು ಮಕ್ಕಳು, ನಾಲ್ಕು ಸಮ ಪಾಲು. ಹೆಣ್ಣುಮಕ್ಕಳ ಸಹಿ ಆಮೇಲೆ ಅಂದ್ಕೊಂಡು ಇಸಾರ (ಮುಂಗಡ) ತಗೊಂಡವರ ವ್ಯವಹಾರ ಕೊನೇ ಗಳಿಗೆಯಲ್ಲಿ ನಿಲ್ತದೆ.

ಗಿರಾಕಿಯ ಜೇಬನ್ನೂ ಲೆಕ್ಕ ಹಾಕಿ. ಮುದ್ರಾಂಕ ಶುಲ್ಕ 5%, ಸೆಸ್ಸು ಮತ್ತು ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%. 88 ಲಕ್ಷಕ್ಕೆ 6.69 ಲಕ್ಷ. ಬ್ಯಾಂಕು 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಹೆಚ್ಚೆಂದರೆ ಬೆಲೆಯ 80% ಕೊಡಬಹುದು, ಈ ಶುಲ್ಕಕ್ಕೆ ಸಾಲ ಇಲ್ಲ. ಬ್ಯಾಂಕಿನ ಮೌಲ್ಯಮಾಪಕ 80 ಲಕ್ಷ ಅಂತ ಬರೆದ್ರೆ ಸಾಲ 64 ಲಕ್ಷ, ಗಿರಾಕಿ ಕೈಯಿಂದ 30.69 ಲಕ್ಷ ಹಾಕಬೇಕು. ಮಾತುಕತೆ ಮುರಿಯೋದು ಎಷ್ಟೋ ಸಲ ಇಲ್ಲೇ.

ಕೆಂಪುಹಂಚು:
ಭಾಳ ಉಪಕಾರ ಆತ್ರಿ. ಮಾರಿದ್ರ ತೆರಿಗಿ ಎಷ್ಟು ಬೀಳ್ತದ?

ಮುದ್ರಾಂಕ:
ತೆರಿಗೆ ಬೀಳೋದು ಲಾಭದ ಮೇಲೆ. ಅದನ್ನು ಲೆಕ್ಕ ಹಾಕೋವಾಗ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಅಂತ ಹಿಡೀಬಹುದು, ಆದರೆ ಆ ದಿನದ ಮಾರ್ಗಸೂಚಿ ಬೆಲೆ ಮೀರುವಂತಿಲ್ಲ. ಆ ಹಳೇ ದರಪಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ, ನೋಂದಾಯಿತ ಮೌಲ್ಯಮಾಪಕರಿಂದ ವರದಿ ಬರೆಸಿ. 4 ಲಕ್ಷ ಅಂತ ಬಂದ್ರೆ, 88 ಲಕ್ಷದ ಮಾರಾಟಕ್ಕೆ ಹಣದುಬ್ಬರದ ಸೂಚ್ಯಂಕ ಇಲ್ಲದೆ 12.5% ಲೆಕ್ಕದಲ್ಲಿ 10.5 ಲಕ್ಷ. 2025-26ರ ಸೂಚ್ಯಂಕ 376 ಹಾಕಿ 20% ಲೆಕ್ಕದಲ್ಲಿ 14.59 ಲಕ್ಷ. ಆ ಸೂಚ್ಯಂಕಕ್ಕೆ, ಮಾರಾಟದ ಬೆಲೆ 2001ರ ಬೆಲೆಯ ಸುಮಾರು 8.4 ಪಟ್ಟು ದಾಟಿದ್ರೆ 12.5%ರ ದಾರಿಯೇ ಅಗ್ಗ. ಇವಕ್ಕೆ ಸೆಸ್ಸು, ಸರ್ಚಾರ್ಜ್ ಬೇರೆ. 20%ರ ಆಯ್ಕೆ ಭಾರತದ ನಿವಾಸಿಗಳಿಗೆ ಮಾತ್ರ, ಅಮೆರಿಕಾದವರ ಪಾಲಿಗೆ ಇಲ್ಲ. ಅವರ ಪಾಲಿಗೆ ಗಿರಾಕಿ 1% ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯೋ ತೆರಿಗೆ) ಹಿಡಿದು ಬಿಡುವಂತೆಯೂ ಇಲ್ಲ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅವರು ಖರೀದಿ ಪತ್ರಕ್ಕಿಂತ ಸಾಕಷ್ಟು ಮೊದಲೇ ಅರ್ಜಿ ಹಾಕಲಿ.

ಗುಂಟೆಲೆಕ್ಕ:
ವಾಟ್ನಿ ಆಗೋದಾದ್ರೂ ಇದೇ ಮೌಲ್ಯಮಾಪನ ವರದಿ ನಾಲ್ಕೂ ಪಾಲುದಾರರ ಕೈಗೆ ಒಂದೊಂದು ಪ್ರತಿ ಕೊಡ್ರಿ. ಮನಿ ಇಟ್ಟುಕೊಳ್ಳೋರು ಉಳಿದವರಿಗೆ ಕೊಡೋ ರೊಕ್ಕ ಅದರ ಮ್ಯಾಲ ಠರಾವ್ ಆಗಲಿ.