ತೋಟದಲ್ಲಿ ಬಿಲ ಮಾಡಿದ್ದು ಯಾವ ಪ್ರಾಣಿ? ತೋಡು, ಬಗೆ, ಕೆದರು, ಉಳು: ನಿಮ್ಮ ಕಡೆ ಹೇಗೆ ಹೇಳುತ್ತಾರೆ?

ಗೆಳೆಯರೇ,

ಈ ಸಲ ಒಂದಿಷ್ಟು ಪದಗಳನ್ನು ಒಟ್ಟಿಗೇ ಕೇಳುತ್ತಿದ್ದೇನೆ. ಅಡಿಕೆ ಬೆಳೆಗಾರರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ತೋಟದಲ್ಲಿ ಕಂಡ ಬಿಲ ನೋಡಿ ಅದು ಯಾವ ಪ್ರಾಣಿಯದು ಎಂದು ಗುರುತು ಹಿಡಿಯುವುದು ಹೇಗೆ ಎಂಬುದು ವಿಷಯ. ಬರವಣಿಗೆಯಲ್ಲಿ ನಾವು ಎಲ್ಲದಕ್ಕೂ 'ಬಿಲ' ಎನ್ನುತ್ತೇವೆ, ಎಲ್ಲದಕ್ಕೂ 'ಅಗೆಯಿತು' ಎನ್ನುತ್ತೇವೆ. ತೋಟದಲ್ಲಿ ಓಡಾಡುವವರು ಹಾಗೆ ಹೇಳುವುದಿಲ್ಲ. ಅವರ ಬಾಯಲ್ಲಿ ಕ್ರಿಯಾಪದ ಬದಲಾದರೆ ಪ್ರಾಣಿಯೂ ಬದಲಾಗುತ್ತದೆ. ಆ ಮಾತುಗಳನ್ನೇ ಕೈಪಿಡಿಯಲ್ಲಿ ಇಡಬೇಕು ಎಂಬುದು ನನ್ನ ಆಸೆ.

ಒಂದು ಉದಾಹರಣೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನ ತೋಟವಿದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಅಗಳಿನ (ತೋಟದ ಗಡಿಯ ಕಂದಕದ) ಪಕ್ಕದ ಧರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಬದಿಯಲ್ಲಿ, ದೊಡ್ಡ ಬಿಲವೊಂದು ಕಾಣಿಸಿತು. ಅಡಿಕೆ ಕೊನೆ ತೆಗೆಯಲು ಬಂದವರೊಬ್ಬರು ನೋಡಿ "ಹಂದಿ ಕೆಲಸ" ಅಂದರು. ದೊಡ್ಡಪ್ಪ "ಯಾವ ಹಂದಿ ಮಾರಾಯ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಹಂದಿ ಎಂದರೆ ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ಮೂರೂ ಆಗಬಹುದು. ಮುಳ್ಳಂದಿ, ಚಿಪ್ಪಂದಿ ಎಂದು ಪೂರ್ತಿ ಹೇಳದೆ ಬರೀ 'ಹಂದಿ' ಎಂದು ಬಿಡುವುದೂ ಉಂಟು. ಮೂರರಲ್ಲಿ ನಿಜವಾದ ಹಂದಿ ಒಂದೇ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಚಿಪ್ಪುಹಂದಿಗೆ ಹಂದಿಯ ನೆಂಟಸ್ತನವೂ ಇಲ್ಲ, ಇಲಿಯ ನೆಂಟಸ್ತನವೂ ಇಲ್ಲ. ಅದಕ್ಕೆ ಹಲ್ಲೇ ಇಲ್ಲ. ಉದ್ದನೆಯ ಅಂಟು ನಾಲಿಗೆಯಲ್ಲಿ ಇರುವೆ, ಗೆದ್ದಲು ನೆಕ್ಕಿ ಬದುಕುವ ಪ್ರಾಣಿ. ಮೈಮೇಲಿನ ಚಿಪ್ಪು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು.

ತಮಿಳಿನಲ್ಲೂ ಮುಳ್ಳುಹಂದಿಗೆ ಮುಳ್ಳಂಪನ್ರಿ ಎನ್ನುತ್ತಾರೆ, ನಮ್ಮ ಹೆಸರೇ. ಚಿಪ್ಪುಹಂದಿಗೆ ಮಾತ್ರ ಎರುಂಬುತಿನ್ನಿ, ಅಂದರೆ ಇರುವೆ ತಿನ್ನುವುದು. ಅವರು ಅದು ತಿನ್ನುವುದನ್ನು ನೋಡಿ ಹೆಸರಿಟ್ಟರು, ನಾವು ಮೈ ನೋಡಿ ಇಟ್ಟೆವು. ಬಿಲದ ವಿಚಾರಕ್ಕೆ ಬಂದರೆ ತಮಿಳಿನ ಹೆಸರೇ ಹೆಚ್ಚು ಉಪಯೋಗ. ಚಿಪ್ಪುಹಂದಿ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಸುತ್ತಮುತ್ತಲ ಹುತ್ತಗಳನ್ನೇ ನೋಡಬೇಕು.

ದೊಡ್ಡಪ್ಪನ ಉತ್ತರದಲ್ಲಿ ಇಡೀ ವಿಷಯ ಇತ್ತು. "ಕಾಡಂದಿ ಉತ್ತು ಹಾಕುತ್ತದೆ, ಬಿಲ ತೋಡೋದಿಲ್ಲ. ಇದು ಬಗೆದದ್ದು." ಮೊದಲ ವಾಕ್ಯದಲ್ಲೇ ಕಾಡುಹಂದಿ ಪಟ್ಟಿಯಿಂದ ಹೊರಗೆ ಹೋಯಿತು. ಕಾಡುಹಂದಿ ಮೂತಿ ಹಾಕಿ ನೆಲ ಎಬ್ಬಿಸುತ್ತದೆ. ಎರೆಹುಳ, ಗಡ್ಡೆ, ಬೇರು ಹುಡುಕುತ್ತಾ ಒಂದು ರಾತ್ರಿಯಲ್ಲಿ ದೊಡ್ಡ ಜಾಗವನ್ನೇ ಮಗುಚಿ ಹೋಗುತ್ತದೆ. ಒಳಗೆ ಹೊಕ್ಕು ಮಲಗುವ ಸುರಂಗ ಮಾಡುವುದಿಲ್ಲ. ಅದಕ್ಕೇ 'ಉಳು' ಎಂಬ ಮಾತು ಅಲ್ಲಿಗೆ ಅಷ್ಟು ಸರಿಯಾಗಿ ಕೂರುತ್ತದೆ.

'ಬಗೆ' ಎಂಬುದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ಎನ್ನುತ್ತೇವೆ. ಹನುಮಂತ ಎದೆ ಬಗೆದು ತೋರಿಸಿದ ಎನ್ನುತ್ತೇವೆ. ಎರಡೂ ಕಡೆ ಕೆಲಸ ಉಗುರಿನದು, ಬೆರಳಿನದು. ಹೊಟ್ಟೆ 'ಅಗೆದ' ಎಂದು ಯಾರೂ ಹೇಳುವುದಿಲ್ಲ. ಅಗೆಯಲು ಗುದ್ದಲಿಯೋ ಹಾರೆಯೋ ಕೈಯಲ್ಲಿರಬೇಕು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯಲ್ಲಿ ಅಗೆಯುವವರು ಮನುಷ್ಯರು. ಹಾಗಾಗಿ ಉಗುರಿನಿಂದ ಮಣ್ಣನ್ನು ಸೀಳಿ ಎರಡೂ ಕಡೆ ಎಳೆದು ಹಾಕಿದ ಗುರುತು ಇದ್ದರೆ ಅದು ಬಗೆದದ್ದು. ಚಿಪ್ಪುಹಂದಿಯ ಮುಂಗಾಲಿನ ನಡುವಿನ ಮೂರು ಉಗುರು ಉದ್ದವಾಗಿ ಬಾಗಿರುತ್ತವೆ. ಗಟ್ಟಿ ಹುತ್ತವನ್ನೂ ಅದು ಆ ಉಗುರಿನಿಂದ ಒಡೆಯುತ್ತದೆ. ಕರಡಿಯೂ ಗೆದ್ದಲಿಗಾಗಿ ಹುತ್ತ ಬಗೆಯುತ್ತದೆ. ಹಾಗಾಗಿ ಕರಡಿ ಓಡಾಡುವ ಊರುಗಳಲ್ಲಿ ಒಡೆದ ಹುತ್ತ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಹತ್ತಿರದಲ್ಲಿ ಒಳಹೊಕ್ಕುವ ಬಿಲ ಇದೆಯೇ ಎಂದೂ ನೋಡಬೇಕು.

'ತೋಡು' ಬೇರೆ. ಬಾವಿ ತೋಡುತ್ತೇವೆ. ಮನಸ್ಸಿನ ಅಳಲು ತೋಡಿಕೊಳ್ಳುತ್ತೇವೆ. ಎರಡರಲ್ಲೂ ಒಳಗಿನದನ್ನು ಎತ್ತಿ ಹೊರಗೆ ಹಾಕುವ ಅರ್ಥವಿದೆ. ಹೆಗ್ಗಣದ ಕೆಲಸ ನೋಡಿದರೆ ಈ ಪದ ಯಾಕೆ ಬೇಕು ಎಂದು ಗೊತ್ತಾಗುತ್ತದೆ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಬಿದ್ದಿರುತ್ತದೆ. ಒಳಗೆ ಕವಲು ಕವಲಾಗಿ ಸುರಂಗ ಹೋಗಿರುತ್ತದೆ. ತೋಟದಲ್ಲಿ ಗೊಬ್ಬರದ ಗುಂಡಿಯ ಪಕ್ಕ, ಕೊಟ್ಟಿಗೆಯ ಅಡಿಪಾಯ, ಚರಂಡಿಯ ಅಂಚು ಅದಕ್ಕೆ ಇಷ್ಟದ ಜಾಗಗಳು. ಗದ್ದೆಯಲ್ಲಿ ಇರುವ ಸಣ್ಣ ಜಾತಿಯ ಹೆಗ್ಗಣ ಭತ್ತದ ತೆನೆ ಕತ್ತರಿಸಿ ಬಿಲದೊಳಗೆ ಕೂಡಿಡುತ್ತದೆ. ಬಿಲದ ಬಾಯಿಯನ್ನು ಒಳಗಿನಿಂದ ಮಣ್ಣು ತಳ್ಳಿ ಮುಚ್ಚಿಬಿಡುತ್ತದೆ. ಚಿಪ್ಪುಹಂದಿಯೂ ಒಳಗೆ ಮಲಗಿದಾಗ ಬಾಯಿ ಮುಚ್ಚಿಕೊಳ್ಳುವುದುಂಟು. ಆದರೆ ಗಾತ್ರ ನೋಡಿದರೆ ಗೊಂದಲ ಆಗುವುದಿಲ್ಲ. ಒಂದರಲ್ಲಿ ಮುಷ್ಟಿ ತೂರುವಷ್ಟು ಜಾಗ, ಇನ್ನೊಂದರಲ್ಲಿ ನಾಯಿಮರಿ ಆರಾಮಾಗಿ ನುಗ್ಗಬಹುದು.

ಹೆಗ್ಗಣದ ಹೆಸರಿನ ಬಗ್ಗೆ ಒಂದು ಮಾತು, ಇದು ಗುರುತು ಹಿಡಿಯುವ ಕೆಲಸಕ್ಕೂ ಬೇಕಾದದ್ದು. ತೆಲುಗಿನಲ್ಲಿ ಇದಕ್ಕೆ ಪಂದಿಕೊಕ್ಕು ಎನ್ನುತ್ತಾರೆ. ಪಂದಿ ಎಂದರೆ ಹಂದಿ, ಕೊಕ್ಕು ಎಂದರೆ ಇಲಿ. ಕೆಣಕಿದರೆ ಹಂದಿಯ ಹಾಗೆ ಗುರುಗುಟ್ಟುತ್ತದೆ, ಹೆಸರು ಬಂದದ್ದು ಹಾಗೆ ಎನ್ನುತ್ತಾರೆ. ಈ ತೆಲುಗು ಪದವೇ ಇಂಗ್ಲಿಷಿಗೆ ಹೋಗಿ ಬ್ಯಾಂಡಿಕೂಟ್ ಆಯಿತು. ಆಮೇಲೆ ಅದೇ ಹೆಸರನ್ನು ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿಯೊಂದಕ್ಕೆ ಕೊಟ್ಟರು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇವತ್ತು ನಮ್ಮ ಹುಡುಗರು ಫೋನಿನಲ್ಲಿ ಬ್ಯಾಂಡಿಕೂಟ್ ಎಂದು ಹುಡುಕಿದರೆ ಆಸ್ಟ್ರೇಲಿಯಾದ ಪ್ರಾಣಿಯೂ, ಅದು ನೆಲ ಕೆದರಿದ ಗುರುತೂ ಬರುತ್ತವೆ. ಅದನ್ನು ನೋಡಿ "ನಮ್ಮ ತೋಟದ್ದು ಹೆಗ್ಗಣ ಅಲ್ಲ" ಎಂದುಕೊಳ್ಳುತ್ತಾರೆ. ಹೆಗ್ಗಣ ಎಂದು ಕನ್ನಡದಲ್ಲೇ ಹುಡುಕುವುದು ಒಳ್ಳೆಯದು.

ಇನ್ನು ಮುಳ್ಳುಹಂದಿ. ಇದನ್ನು ಗುರುತಿಸುವುದು ಸುಲಭ. ಬಿಲದ ಬಾಯಲ್ಲೋ ದಾರಿಯಲ್ಲೋ ಒಂದೆರಡು ಮುಳ್ಳು ಬಿದ್ದಿರುತ್ತವೆ. ಸುವರ್ಣಗಡ್ಡೆ, ಗೆಣಸು, ಕೆಸುವಿನ ಗಡ್ಡೆ ಖಾಲಿಯಾಗಿರುತ್ತದೆ. ತೆಂಗಿನ ಸಸಿಯ ಬುಡ ಕಡಿದು ಹೋಗಿರುತ್ತದೆ. ಕೆಲವೊಮ್ಮೆ ಬಿಲದ ಹತ್ತಿರ ಕಡಿದ ಮೂಳೆ ಸಿಗುತ್ತದೆ. ಅದು ಮಾಂಸಕ್ಕಾಗಿ ತಂದದ್ದಲ್ಲ, ಮುಳ್ಳುಹಂದಿ ಸುಣ್ಣದ ಅಂಶಕ್ಕಾಗಿ ಮೂಳೆ ಕಡಿಯುತ್ತದೆ. ಮೂಳೆ ಕಂಡ ಕೂಡಲೇ ನರಿ, ಚಿರತೆ ಎಂದು ಹೆದರುವವರಿಗೆ ಇದನ್ನು ಹೇಳಬೇಕು. ಮುಳ್ಳನ್ನು ಬಾಣದ ಹಾಗೆ ಎಸೆಯುತ್ತದೆ ಎಂಬ ಮಾತೂ ನಿಜವಲ್ಲ. ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ, ಆಗ ಮುಳ್ಳು ಕಳಚಿ ಸಿಕ್ಕಿಕೊಳ್ಳುತ್ತದೆ.

'ಕೆದರು', 'ಕೆದಕು' ಎಂದು ಬಂದರೆ ಬಿಲವೇ ಇಲ್ಲ ಎಂದು ತಿಳಿಯಬೇಕು. ಕೋಳಿ ಕೆದರುತ್ತದೆ. ಮುಂಗುಸಿಯೂ ಹುಳ ಹುಡುಕುತ್ತಾ ಕೆದರುತ್ತದೆ. ಬೆರಳುದ್ದದ ಸಣ್ಣ ಕುಳಿಗಳು ಅಲ್ಲಲ್ಲಿ ಕಾಣುತ್ತವೆ, ಯಾವುದೂ ಒಳಗೆ ಹೋಗುವುದಿಲ್ಲ. ಮುಂಗುಸಿಗೆ ಕೆಲವು ಕಡೆ ಮುಂಗಲಿ, ಕೆಲವು ಕಡೆ ಕೀರ ಎನ್ನುತ್ತಾರೆ.

ಎರಡು ಬಳಕೆಗಳ ಬಗ್ಗೆ ನನಗೆ ತಕರಾರಿದೆ. ಒಂದು, ಮೊಲದ ಬಿಲ. ಮಕ್ಕಳ ಕತೆಗಳಲ್ಲಿ ಮೊಲ ಬಿಲದಿಂದ ಹೊರಗೆ ಬರುತ್ತದೆ. ನಮ್ಮ ಕಾಡಿನ, ಹೊಲದ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ, ಪೊದೆಯ ಬುಡದಲ್ಲಿ ಮೈ ಒತ್ತಿ ಕೂರುತ್ತದೆ. ಬಿಲ ತೋಡುವುದು ಯುರೋಪಿನ ಸಾಕುಮೊಲದ ಜಾತಿ. ಅಲ್ಲಿನ ಕತೆ ಕನ್ನಡಕ್ಕೆ ಬಂದಾಗ ಆ ಬಿಲವೂ ಜೊತೆಗೆ ಬಂತು. ತೋಟದಲ್ಲಿ ಬಿಲ ಕಂಡು 'ಮೊಲ ಇರಬೇಕು' ಎನ್ನುವವರು ಈಗ ಸಿಗುತ್ತಾರೆ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಲೇಬೇಕು ಅಲ್ವಾ?

ಇನ್ನೊಂದು, ಹಾವಿನ ಬಿಲ. ನಾಗರಹಾವಾಗಲಿ ಕೊಳಕುಮಂಡಲವಾಗಲಿ ಬಿಲ ತೋಡುವುದಿಲ್ಲ. ಇಲಿ, ಹೆಗ್ಗಣದ ಬಿಲಕ್ಕೆ ಸೇರಿಕೊಳ್ಳುತ್ತವೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಮಾತು ಇದನ್ನೇ ಹೇಳುತ್ತದೆ. ಆದರೂ 'ಹಾವಿನ ಬಿಲ' ತಪ್ಪು ಪ್ರಯೋಗ ಎಂದು ನಾನು ಹೇಳುವುದಿಲ್ಲ. ಅಲ್ಲಿ ಈಗ ಯಾರಿದ್ದಾರೆ ಎಂಬುದನ್ನು ಅದು ಹೇಳುತ್ತದೆ, ಎಚ್ಚರಿಕೆಗೆ ಅಷ್ಟು ಸಾಕು. ಯಾರು ಮಾಡಿದ್ದು ಎಂದು ಕೇಳುವಾಗ ಮಾತ್ರ 'ತೋಡಿದ್ದು' ಬೇರೆ, 'ಸೇರಿಕೊಂಡದ್ದು' ಬೇರೆ ಎಂದು ಬಿಡಿಸಿ ಹೇಳಬೇಕು. ಉಡ, ಮುಂಗುಸಿ ಕೂಡ ಹಳೆಯ ಬಿಲಗಳಿಗೆ ಸೇರಿಕೊಳ್ಳುತ್ತವೆ. ಯಾವುದೇ ಬಿಲಕ್ಕೆ ಕೈ ಹಾಕಬಾರದು ಎನ್ನುವುದೂ ಅದಕ್ಕೇ.

ನಾನು ಇಷ್ಟು ಒತ್ತಿ ಕೇಳುತ್ತಿರುವುದಕ್ಕೆ ಕಾರಣವಿದೆ. ಬಿಲ ಕಂಡ ಕೂಡಲೇ 'ಹೆಗ್ಗಣ' ಎಂದು ಬಿಟ್ಟರೆ ಮುಂದಿನ ಕೆಲಸ ವಿಷದ ಉಂಡೆ, ಇಲ್ಲದಿದ್ದರೆ ಹೊಗೆ. ಒಳಗೆ ಚಿಪ್ಪುಹಂದಿ ಇದ್ದರೆ? ಅದು ಯಾವ ಬೆಳೆಯನ್ನೂ ಮುಟ್ಟುವುದಿಲ್ಲ, ಗೆದ್ದಲು ತಿಂದು ತೋಟಕ್ಕೆ ಉಪಕಾರವನ್ನೇ ಮಾಡುತ್ತದೆ. ಚಿಪ್ಪಿನ ಕಳ್ಳಸಾಗಣೆಯಿಂದ ಅದರ ಸಂಖ್ಯೆ ಕುಸಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾರೆ. ಹಿಡಿದರೆ, ಕೊಂದರೆ ಜೈಲು. ಉಡವೂ ಅದೇ ಪರಿಚ್ಛೇದದಲ್ಲಿದೆ. ದೊಡ್ಡಪ್ಪನ ತೋಟದ ಬಿಲದ ಹತ್ತಿರ ಒಂದು ಮುಳ್ಳೂ ಸಿಗಲಿಲ್ಲ, ಒಂದು ಗಡ್ಡೆಯೂ ಹೋಗಿರಲಿಲ್ಲ. ಮೇಲಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಹುತ್ತ ಸೀಳಿತ್ತು. ಚಿಪ್ಪಂದಿಯೇ ಎಂದು ಎಲ್ಲರೂ ಒಪ್ಪಿದರು. ಬಿಲವನ್ನು ಹಾಗೇ ಬಿಟ್ಟರು.

ಈಗ ನನ್ನ ಪ್ರಶ್ನೆಗಳು.

ಕೃಷಿ ಕರಪತ್ರಗಳಲ್ಲಿ 'ಜೀವಂತ ಬಿಲ' ಎಂಬ ಮಾತಿದೆ. ಸಂಜೆ ಎಲ್ಲ ಬಿಲಗಳ ಬಾಯಿಗೂ ಮಣ್ಣು ಮುಚ್ಚಿ, ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಪ್ರಾಣಿ ಇದೆ ಎಂದು ಲೆಕ್ಕ ಹಾಕುತ್ತಾರಲ್ಲ, ಅಂಥ ಬಿಲ. ಪದ ಅರ್ಥವಾಗುತ್ತದೆ. ಆದರೆ ಬಿಲಕ್ಕೆ ಜೀವ ಇದೆ ಎಂಬಂತೆ ಕೇಳಿಸುತ್ತದೆ. ನಿಮ್ಮ ಊರಿನ ರೈತರು ಇದಕ್ಕೆ ಏನೆನ್ನುತ್ತಾರೆ? 'ಓಡಾಟ ಇರೋ ಬಿಲ' ಎಂಬುದನ್ನು ಕೇಳಿದ್ದೇನೆ, ಇನ್ನೂ ಚಿಕ್ಕ ಮಾತು ಇದ್ದರೆ ಬೇಕು.

ಬಿಲ, ಗುದ್ದು, ಮಾಟೆ, ಈ ಮೂರರ ನಡುವೆ ನಿಮ್ಮ ಕಡೆ ವ್ಯತ್ಯಾಸ ಮಾಡುತ್ತಾರಾ? ಕರಾವಳಿಯವರ ಬಾಯಲ್ಲಿ ಮಾಟೆ ಜಾಸ್ತಿ. ಗುದ್ದು ಎಂಬುದನ್ನು ನಾನು ಹೆಚ್ಚಾಗಿ ಕೇಳಿರುವುದು ಏಡಿಯ ಜೊತೆ, ಗದ್ದೆಯಂಚಿನ ನೀರು ಸೋರುವ ತೂತಿಗೆ. ದೊಡ್ಡ ಪ್ರಾಣಿಯ ಬಿಲಕ್ಕೂ ಗುದ್ದು ಎನ್ನುವವರು ಇದ್ದರೆ ಯಾವ ಊರು ಎಂದು ತಿಳಿಸಿ.

ಬಿಲದ ಬಾಯಿಯ ಮುಂದೆ ಬೀಳುವ ಹೊಸ ಮಣ್ಣಿನ ರಾಶಿಗೆ ಬೇರೆ ಹೆಸರಿದೆಯೇ? ಹೆಗ್ಗಣ ಒಳಗಿನಿಂದ ಬಾಯಿ ಮುಚ್ಚಿಕೊಳ್ಳುವುದಕ್ಕೆ ಪ್ರತ್ಯೇಕ ಕ್ರಿಯಾಪದ ಇದೆಯೇ?

ಕೊನೆಯದು ಬಯಲುಸೀಮೆಯವರಿಗೆ, ಅದರಲ್ಲೂ ಕಾವೇರಿ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡಿನ ಅಂಚಿನವರಿಗೆ. ಅಲ್ಲಿ ತರಕರಡಿ ಇದೆ. ಹೆಸರಲ್ಲಿ ಕರಡಿ ಇದ್ದರೂ ಕರಡಿಯಲ್ಲ, ಗಟ್ಟಿ ಉಗುರಿನ ಗಿಡ್ಡ ಪ್ರಾಣಿ. ಚೆನ್ನಾಗಿ ನೆಲ ತೋಡುತ್ತದೆ. ಅದರ ಬಿಲಕ್ಕೆ, ಅದು ತೋಡುವ ರೀತಿಗೆ ಅಲ್ಲಿನವರು ಯಾವ ಮಾತು ಬಳಸುತ್ತಾರೆ? ಮನೆಯ ಹಿರಿಯರನ್ನು, ದನ ಕಾಯುವವರನ್ನು ಕೇಳಿ ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ. ಬಿಡಿ ಪದಕ್ಕಿಂತ ಇಡೀ ವಾಕ್ಯ ನನಗೆ ಹೆಚ್ಚು ಸಹಾಯವಾಗುತ್ತದೆ.