ಮೂರನೇ ಕ್ಲಾಸಿನ ಹುಡುಗ, ದಿನಾ ಡೈರಿಯಲ್ಲಿ ದೂರು: ಗೊತ್ತಿರುವವರು ಹೇಳಿ

ಪ್ರಶ್ನೆ

ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ವಾರದಲ್ಲಿ ನಾಲ್ಕು ದಿನ ಡೈರಿಯಲ್ಲಿ ಕೆಂಪು ಇಂಕು: ಕ್ಲಾಸ್‌ವರ್ಕ್ ಮುಗಿಸಿಲ್ಲ, ಜಾಗ ಬಿಟ್ಟು ಓಡಾಡುತ್ತಾನೆ, ಪಕ್ಕದ ಹುಡುಗನಿಗೆ ಹೊಡೆದ. ಆದರೆ ಟ್ಯಾಬ್ ಕೊಟ್ಟರೆ ಎರಡು ಗಂಟೆ ಕದಲುವುದಿಲ್ಲ. ಹಾಗಾಗಿ ಅತ್ತೆ ‘ಇದು ಬರೀ ಕೊಬ್ಬು, ನಾಲ್ಕು ಬಿಟ್ಟರೆ ಸರಿಹೋಗುತ್ತೆ’ ಅಂತಾರೆ. ಶಾಲೆಯವರು ಡಾಕ್ಟರಿಗೆ ತೋರಿಸಿ, ಇಲ್ಲದಿದ್ದರೆ ಟಿಸಿ ತಗೊಳ್ಳಿ ಅನ್ನುವ ಧಾಟಿಯಲ್ಲಿದ್ದಾರೆ. ಎಲ್ಲಿಂದ ಶುರು ಮಾಡಲಿ?

ವಿಶೇಷ ಶಿಕ್ಷಕಿ, ಮೈಸೂರು

ಟ್ಯಾಬಿನ ಮಾತು ಬದಿಗಿಡಿ. ಆಟದಲ್ಲಿ ಕ್ಷಣಕ್ಕೊಂದು ಬಹುಮಾನ, ಕ್ಷಣಕ್ಕೊಂದು ಹೊಸ ಚಿತ್ರ. ಅಲ್ಲಿ ಗಮನ ಹಿಡಿದಿಡುವ ಕೆಲಸ ಮಾಡುವುದು ಟ್ಯಾಬು, ಮಗುವಲ್ಲ. ಬೇಜಾರಿನ ಕೆಲಸಕ್ಕೆ ಕೂರುವ ತಾಕತ್ತೇ ಬೇರೆ.

ಡಾಕ್ಟರ ಸರದಿ ಬರುವಷ್ಟರಲ್ಲಿ ಒಂದು ಕೆಲಸ ಮಾಡಿ. ಒಂದು ಹಾಳೆ, ನಾಲ್ಕು ಕಾಲಂ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಟೀಚರನ್ನು ಕೇಳಿ ಹತ್ತು ಶಾಲಾ ದಿನ ತುಂಬಿ. ‘ಗಲಾಟೆ ಮಾಡಿದ’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ‘11.40, ಕನ್ನಡ, ಬೋರ್ಡು ನೋಡಿ ಬರೆಯಲು ಹೇಳಿದರು, ಎರಡು ಸಾಲಿಗೇ ಪೆನ್ಸಿಲ್ ಹೆರೆಯಲು ಎದ್ದ, ಪಕ್ಕದವನ ರಬ್ಬರ್ ಕಿತ್ತುಕೊಂಡ, ಹೊರಗೆ ನಿಲ್ಲಿಸಿದರು’ ಅಂತ ಇರಲಿ. ನೋಡಿ, ಬರೆಯುವ ಕೆಲಸ ಬಂದಾಗ ಎದ್ದ. ಹೊರಗೆ ನಿಂತಿದ್ದರಿಂದ ಬರೆಯುವುದು ತಪ್ಪಿತು. ಶಿಕ್ಷೆ ಅಂತ ಕೊಟ್ಟದ್ದೇ ಅವನಿಗೆ ಬಿಡುಗಡೆ. ನಾಳೆಯೂ ಅದನ್ನೇ ಮಾಡುತ್ತಾನೆ.

ತೊಂದರೆ ಓದು-ಬರಹದ ಪೀರಿಯಡ್‌ನಲ್ಲೇ ಹೆಚ್ಚಿದ್ದರೆ ಕಲಿಕಾ ನ್ಯೂನತೆ ಇದೆಯೇ ಪರೀಕ್ಷೆ ಮಾಡಿಸಿ. ಒತ್ತಕ್ಷರ ಬಿಟ್ಟುಹೋಗುವುದು, ಕೊಂಬು-ದೀರ್ಘ ತಪ್ಪುವುದು, ಒಂದೊಂದೇ ಅಕ್ಷರ ಕೂಡಿಸಿ ಓದಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುವುದು, ಇವು ಗುರುತು. ಬಾಯಲ್ಲಿ ಕೇಳಿದರೆ ಪಟಪಟ ಹೇಳುವ ಹುಡುಗ ಬರೆಯಲು ಕೂತಾಗ ಮಾತ್ರ ಎದ್ದು ಓಡಿದರೆ ಅದನ್ನು ಕೊಬ್ಬು ಅನ್ನಲಾಗದು. ಗಮನದ ತೊಂದರೆ, ಕಲಿಕೆಯ ತೊಂದರೆ ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ.

ಮಕ್ಕಳ ವೈದ್ಯರು, ಬೆಂಗಳೂರು

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅನ್ನುವ ಮುಂಚೆ ಕಿವಿ, ಕಣ್ಣು, ನಿದ್ದೆ, ರಕ್ತ ನೋಡಬೇಕು. ಪದೇಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿಯ ತಮಟೆ ಹಿಂದೆ ದ್ರವ ನಿಂತು ಕೇಳುವುದು ಕಮ್ಮಿಯಾಗುತ್ತದೆ. ‘ಮಾತೇ ಕೇಳಲ್ಲ’ ಅನ್ನಿಸಿಕೊಳ್ಳುತ್ತಾರೆ. ಗೊರಕೆ, ಬಾಯಿ ತೆರೆದು ಮಲಗುವುದು ಇದ್ದರೆ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ತೋರಿಸಿ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅನ್ನುವ ಪರೀಕ್ಷೆ) ಕೂಡ ಮಾಡಿಸಿ. ಇನ್ನೊಂದು: ಮಾತಿನ ನಡುವೆ ಐದು-ಹತ್ತು ಸೆಕೆಂಡು ಕಣ್ಣು ನೆಟ್ಟು ನಿಂತು, ಭುಜ ಮುಟ್ಟಿದರೂ ಎಚ್ಚರವಾಗದೆ, ಆಮೇಲೆ ಏನೂ ಆಗದವರಂತೆ ಮುಂದುವರಿದರೆ ಅದು ಮೂರ್ಛೆರೋಗದ ಒಂದು ಬಗೆ ಇರಬಹುದು. ಮೊಬೈಲಲ್ಲಿ ವಿಡಿಯೋ ತೆಗೆದು ತನ್ನಿ.

ಎಡಿಎಚ್‌ಡಿಗೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಲಕ್ಷಣಗಳು 6 ತಿಂಗಳಾದರೂ ಇರಬೇಕು, ಮನೆ-ಶಾಲೆ ಹೀಗೆ ಎರಡು ಕಡೆ ಕಾಣಬೇಕು, 12 ವರ್ಷ ತುಂಬುವ ಮೊದಲೇ ಕೆಲವಾದರೂ ಶುರುವಾಗಿರಬೇಕು. ಅದಕ್ಕೇ ವ್ಯಾಂಡರ್‌ಬಿಲ್ಟ್ ಥರದ ಪ್ರಶ್ನಾವಳಿಯನ್ನು ಟೀಚರೂ ತುಂಬುವುದು ಮುಖ್ಯ. ಕ್ಲಾಸಿಗೆಲ್ಲ ಇವನೇ ಚಿಕ್ಕವನಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಹನ್ನೊಂದು ತಿಂಗಳ ವ್ಯತ್ಯಾಸ ಈ ವಯಸ್ಸಿನಲ್ಲಿ ಕಮ್ಮಿಯಲ್ಲ.

ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಉತ್ತರದ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಕಿವಿ ಪರೀಕ್ಷೆಗೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ಮೊದಲು ಫೋನಲ್ಲಿ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ.

ಪ್ರಾಥಮಿಕ ಶಾಲೆ ಶಿಕ್ಷಕರು, ಹುಬ್ಬಳ್ಳಿ

ಕ್ಲಾಸಿನ್ಯಾಗ ಆಗೋದಷ್ಟ ಹೇಳತೀನ್ರಿ. ಮುಂದಿನ ಬೆಂಚು, ಆದ್ರ ಬಾಗಲಾ, ಕಿಡಕಿ ಬಾಜೂಕ ಬ್ಯಾಡ. ಒಬ್ಬನ್ನ ಕೂಡಸಬಾರ್ದು, ಸಮಾಧಾನದ ಹುಡುಗನ ಜೋಡಿ ಕೂಡಸಬೇಕು. ‘ಪುಸ್ತಕ ತಗೀರಿ, 42ನೇ ಪುಟ, ಮೂರನೇ ಪ್ರಶ್ನಿ, ಮಾರ್ಜಿನ್ ಹಾಕ್ರಿ’ ಅಂತ ಒಂದ ಉಸರಿಗೆ ಹೇಳಿದ್ರ ಅವಂಗ ‘ಪುಸ್ತಕ’ ಅಷ್ಟ ಕೇಳಿರತದ. ಒಂದೊಂದ ಹೇಳಿ, ‘ಈಗ ಏನ್ ಮಾಡ್ತೀ?’ ಅಂತ ಅವನ ಬಾಯಿಲೆ ಹೇಳಸಬೇಕು. ಹತ್ತು ಲೆಕ್ಕ ಇದ್ರ ಹಾಳಿ ಮಡಚಿ ಐದಷ್ಟ ಕಾಣೋಹಂಗ ಕೊಡೋದು. ಬೋರ್ಡ್ ಒರಸೋದು, ನೋಟ್‌ಬುಕ್ ಹಂಚೋದು ಅವಂಗ ಬಿಡಬೇಕು. ಹೆಂಗೂ ಏಳಾಂವ, ಕೆಲಸಕ್ಕ ಏಳ್ಲಿ! ಆಟದ ಪೀರಿಯಡ್ ಮಾತ್ರ ಕಸ್ಗೋಬಾರ್ದು. ಓಡಾಡದ ಹುಡುಗ ಮುಂದಿನ ಪೀರಿಯಡ್‌ನ್ಯಾಗ ಎರಡರಷ್ಟು ಹೊರಳಾಡ್ತಾನ. ಐವತ್ತು ಮಕ್ಕಳಾಗ ಇಷ್ಟೆಲ್ಲಾ ಆಗಂಗಿಲ್ಲ ಅಂತ ಟೀಚರ್ ಅಂದ್ರ ಮೂರಷ್ಟ ಕೇಳ್ರಿ: ಜಾಗ, ಮಡಚಿದ ಹಾಳಿ, ಬೋರ್ಡ್ ಒರಸೋದು.

ಮಕ್ಕಳ ಮನಶ್ಶಾಸ್ತ್ರಜ್ಞೆ, ಮಂಗಳೂರು

ಡೈರಿಯ ಕೆಂಪು ಇಂಕಿನ ಬದಲು ಒಂದು ಕಾರ್ಡು. ಪೋಸ್ಟ್‌ಕಾರ್ಡ್ ಅಳತೆ ಸಾಕು. ಗುರಿ ಎರಡೇ, ‘ಮಾಡಬೇಡ’ ಅನ್ನುವ ರೂಪದಲ್ಲಿ ಬೇಡ: ‘ಕೊಟ್ಟದ್ದರಲ್ಲಿ ಅರ್ಧ ಬರೆದೆ’, ‘ಕೈ ನನ್ನ ಹತ್ತಿರವೇ ಇತ್ತು’. ಅಡ್ಡಕ್ಕೆ ನಾಲ್ಕು ಪೀರಿಯಡ್. ಒಟ್ಟು ಎಂಟು ಮನೆ. ಪೀರಿಯಡ್ ಮುಗಿದಾಗ ಟೀಚರ್ ಸರಿ ಗುರುತು ಹಾಕುತ್ತಾರೆ, ಐದು ಸೆಕೆಂಡಿನ ಕೆಲಸ.

ಮೊದಲ ಮೂರು ದಿನ ಸುಮ್ಮನೆ ಎಣಿಸಿ. ನಾಲ್ಕು ಬರುತ್ತಿದ್ದರೆ ಮೊದಲ ವಾರದ ಗುರಿ ನಾಲ್ಕೇ. ಐದರಲ್ಲಿ ನಾಲ್ಕು ದಿನ ಮುಟ್ಟಿದರೆ ಐದಕ್ಕೆ ಏರಿಸಿ. ಶುರುವಿಗೇ ಎಂಟು ಕೇಳಿದರೆ ಮೂರನೇ ದಿನ ಕಾರ್ಡು ‘ಕಳೆದುಹೋಗುತ್ತದೆ’. ಬಹುಮಾನ ಅದೇ ಸಂಜೆ ಸಿಗಬೇಕು: ಹದಿನೈದು ನಿಮಿಷ ಹೆಚ್ಚು ಕ್ರಿಕೆಟ್, ರಾತ್ರಿ ದೋಸೆಯೋ ಚಪಾತಿಯೋ ಆರಿಸುವ ಹಕ್ಕು. ದಸರಾಕ್ಕೆ ಸೈಕಲ್ ಅಂದರೆ ಈ ಮಕ್ಕಳಿಗೆ ಅದು ಮುಂದಿನ ಜನ್ಮದ ಮಾತು. ಗಳಿಸಿದ ಗುರುತನ್ನು ಬೇರೆ ತಪ್ಪಿಗೆ ಕಿತ್ತುಕೊಳ್ಳಬೇಡಿ. ಖಾಲಿ ಮನೆ ನೋಡಿ ಬೈದರೆ ಅದು ಇನ್ನೊಂದು ಡೈರಿ ಆಯಿತು ಅಷ್ಟೆ.

ಮನೆಯಲ್ಲಿ ಸಣ್ಣ ರಗಳೆಯನ್ನು ಕಂಡೂ ಕಾಣದ ಹಾಗೆ ಇರಲು ಶುರು ಮಾಡಿದಾಗ ಮೊದಲು ಅದು ಜಾಸ್ತಿಯಾಗುತ್ತದೆ. ಮೂರನೇ ದಿನ ಸೋತು ಕೊಟ್ಟರೆ ಮೂರು ದಿನ ಹಟ ಹಿಡಿಯಬೇಕು ಅಂತ ಕಲಿಸಿದಂತಾಯಿತು. ಹೊಡೆಯುವುದನ್ನು ಮಾತ್ರ ಹಾಗೆ ಬಿಡಬಾರದು. ತಕ್ಷಣ ಬೇರೆ ಮಾಡಿ, ಮಾತು ಕಡಿಮೆ.

ಪ್ರಶ್ನೆ ಕೇಳಿದವರು

ಕಾರ್ಡು ಬರೆದಿಟ್ಟೆ. ಅತ್ತೆ ಇದು ಲಂಚ ಅಂತಿದ್ದಾರೆ. ಮಾತ್ರೆ ಬಗ್ಗೆಯೂ ಭಯ ಇದೆ.

ಮಕ್ಕಳ ಮನಶ್ಶಾಸ್ತ್ರಜ್ಞೆ, ಮಂಗಳೂರು

ರಂಪ ಶುರುವಾದ ಮೇಲೆ ಬಾಯಿ ಮುಚ್ಚಿಸಲು ಕೊಡುವ ಚಾಕೊಲೇಟ್ ಲಂಚ. ಇದು ಮೊದಲೇ ಮಾತಾಡಿಕೊಂಡ ಕೂಲಿ. ಸಂಜೆ ಗುರುತು ಎಣಿಸುವ ಕೆಲಸ ಅತ್ತೆಯವರಿಗೇ ಕೊಡಿ. ಗುರಿ ಮುಟ್ಟದ ದಿನ ಗುಟ್ಟಾಗಿ ಬಹುಮಾನ ಕೊಡುವುದು ಸಾಮಾನ್ಯವಾಗಿ ಅಜ್ಜಿಯಂದಿರೇ, ಅದೂ ನಿಲ್ಲುತ್ತದೆ.

ಮಕ್ಕಳ ವೈದ್ಯರು, ಬೆಂಗಳೂರು

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದರೆ ಸಾಮಾನ್ಯವಾಗಿ ಮಿಥೈಲ್‌ಫೆನಿಡೇಟ್, 6 ವರ್ಷ ಮೇಲ್ಪಟ್ಟವರಿಗೆ. ಮಾಮೂಲಿ ಮಾತ್ರೆಯ ಪರಿಣಾಮ ಮೂರು-ನಾಲ್ಕು ಗಂಟೆ. ಹಸಿವು ಕಮ್ಮಿಯಾಗುವುದರಿಂದ ತಿಂಡಿ ತಿನ್ನಿಸಿ ಕೊಡಿ, ಊಟದ ಡಬ್ಬಿ ವಾಪಸ್ ಬಂದರೆ ಸಂಜೆ ಗಟ್ಟಿ ಊಟ. ತಡವಾಗಿ ಕೊಟ್ಟರೆ ನಿದ್ದೆ ಬರುವುದಿಲ್ಲ. ಎತ್ತರ, ತೂಕ, ನಾಡಿ, ಬಿಪಿ ಆಗಾಗ ನೋಡಿಸಬೇಕು. ಇದು ಷೆಡ್ಯೂಲ್ ಎಕ್ಸ್, ಅಂದರೆ ಮಾರಾಟಕ್ಕೆ ಬಿಗಿ ನಿಯಂತ್ರಣವಿರುವ ಔಷಧ, ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಊರಿಗೆ ಹೋಗುವ ಮುಂಚೆ ಮಾತ್ರೆ ಎಣಿಸಿಕೊಳ್ಳಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ವಿಶೇಷ ಶಿಕ್ಷಕಿ, ಮೈಸೂರು

ಟಿಸಿ ಮಾತಿಗೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವುದು, ಹೀಯಾಳಿಸುವುದು 17ನೇ ಕಲಮಿನಲ್ಲಿ ನಿಷಿದ್ಧ. ಆದರೆ ಇದನ್ನು ಮೊದಲ ಭೇಟಿಯಲ್ಲೇ ಟೇಬಲ್ ಮೇಲೆ ಇಡಬೇಡಿ. ಆ ಹತ್ತು ದಿನದ ಹಾಳೆ ತೆಗೆದುಕೊಂಡು ಹೋಗಿ, ‘11.40ಕ್ಕೆ ಏನು ಮಾಡಬಹುದು ಮೇಡಂ?’ ಅಂತ ಕೇಳಿ. ಅವರೇ ಬಾಯಿಬಿಟ್ಟು ಟಿಸಿ ಅಂದರೆ, ಹಾಗೆಂದು ಬರವಣಿಗೆಯಲ್ಲಿ ಕೊಡಿ ಅನ್ನಿ.